ಕೋಂ ಪೆದ್ದಣ್ಣ

ಮಂಗಳವಾರ ಬೆಳಗ್ಗೆ ಶಿರಾದ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಪ್ರಿಸಮ್ಮುಗಳನ್ನು ಒರೆಸುತ್ತ ಕೂತಿದ್ದ ಅಟೆಂಡರ್ ನರಸಿಂಹಮ್ಮನ ಮುಂದೆ ಆಫೀಸಿನ ಗುಮಾಸ್ತರು ಪೇಪರು ತಂದಿಟ್ಟು, "ನಿಮ್ಮೆಜಮಾನ್ರು ಫೇಮಸ್ ಆಗ್ಬುಟ್ರಲ್ಲ" ಎಂದು ನಕ್ಕು ಹೋದರು. ನರಸಿಂಹಮ್ಮ ಕನ್ನಡಕ ಏರಿಸಿಕೊಂಡು ಓದಿದಳು. ಓದಿ ಮುಗಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಗೋಡೆಗೆ ಬೀಸಿ ಹೊಡೆದಳು. ಪ್ರಿಸಮ್ಮನ್ನೇ ಎಸೆಯಬೇಕು ಅನ್ನಿಸಿತ್ತು. ಹದಿನೈದು ವರ್ಷದ ಕೆಲಸದಲ್ಲಿ ಒಂದು ಗಾಜೂ ಒಡೆದವಳಲ್ಲವಾದ್ದರಿಂದ ಬಟ್ಟೆ ಎಸೆದಳು.

"ಪಾವಗಡದ ಪೆದ್ದಣ್ಣನ ಕಣ್ಣಿಗೆ ಬಿದ್ದ ಆಕಾಶದ ಗುಪ್ತ ಜೋಡಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಕೆಳಗೆ ಪೆದ್ದಣ್ಣನ ಫೋಟೊ. ಬಿಳಿ ಅಂಗಿ ತೊಟ್ಟು, ಬೋರ್‌ವೆಲ್ ಲಾರಿಗೆ ಒರಗಿ, ಗದ್ದ ಎತ್ತಿ ಮೇಲೆ ನೋಡುತ್ತಿದ್ದಾನೆ. ಆ ಮನುಷ್ಯ ಮೋಡ ಇದೆಯೋ ಇಲ್ಲವೋ ಎಂದು ನೋಡಲಿಕ್ಕೂ ತಲೆ ಎತ್ತಿದವನಲ್ಲ; ಅವನ ಕೆಲಸವೇ ನೆಲ ಕೊರೆಯುವುದು. ಕಂದು ಕುಬ್ಜ ಎಂಬ ಆಕಾಶಕಾಯವೊಂದರ ಪಕ್ಕದಲ್ಲಿ ಯಾರಿಗೂ ಕಾಣದಂತೆ ಅಡಗಿದ್ದ ಸಂಗಾತಿಯನ್ನು ನಮ್ಮ ಗಡಿ ತಾಲ್ಲೂಕಿನ ಡ್ರೈವರೊಬ್ಬರು ಪತ್ತೆ ಹಚ್ಚಿದ್ದಾರೆ, ವಿದೇಶದ ವಿಜ್ಞಾನಿಗಳ ಪ್ರಬಂಧದಲ್ಲಿ ಎನ್. ಪೆದ್ದಣ್ಣ ಎಂದೇ ಹೆಸರು ಅಚ್ಚಾಗಿದೆ, ಬರುವ ಭಾನುವಾರ ಮಧುಗಿರಿಯಲ್ಲಿ ಅವರಿಗೆ ಸನ್ಮಾನ ಎಂದೆಲ್ಲ ಬರೆದು, ಕೊನೆಗೊಂದು ಸಾಲು ಸೇರಿಸಿದ್ದರು: "ಪತ್ನಿ ನರಸಿಂಹಮ್ಮ ಅವರ ಸಹಕಾರವನ್ನು ಪೆದ್ದಣ್ಣ ಸ್ಮರಿಸಿದರು."

ಸಹಕಾರವಂತೆ, ಸಹಕಾರ! ಆ ಸಂಗಾತಿಯನ್ನು ಹಿಡಿದವಳು ನರಸಿಂಹಮ್ಮ. ನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡವಳು ಅವಳು. ಪೆದ್ದಣ್ಣ ಅವಳ ಮನೆ ಹೊಸಿಲು ತುಳಿಯದೆ ಹನ್ನೊಂದು ವರ್ಷವಾಗಿತ್ತು. ಅವನ ಹೆಸರು ಅಲ್ಲಿಗೆ ಹೇಗೆ ಹೋಯಿತು ಎಂಬುದು ಅವಳಿಗೆ ಓದುತ್ತಿದ್ದಂತೆಯೇ ಹೊಳೆಯಿತು. ಹೊಳೆದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ನರಸಿಂಹಮ್ಮ ಹುಟ್ಟಿದ್ದು ಐ.ಡಿ.ಹಳ್ಳಿಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೊಂದು ಬಂದಿತ್ತು. ಅಪ್ಪ ಅಂಕಪಟ್ಟಿಯನ್ನು ತಗಡಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿ, ಹತ್ತೊಂಬತ್ತಕ್ಕೆ ಮದುವೆ ಮಾಡಿ ಕೈ ತೊಳೆದುಕೊಂಡ. ಗಂಡ ಮಧುಗಿರಿ ಕೋಟೆ ಬುಡದ ಹುಡುಗ, ನಾರಪ್ಪನ ಮಗ ಪೆದ್ದಣ್ಣ, ಬೋರ್‌ವೆಲ್ ಲಾರಿ ಡ್ರೈವರು. ಇಬ್ಬರೂ ಶಿರಾಕ್ಕೆ ಬಂದು ಬಾಡಿಗೆ ಮನೆ ಮಾಡಿದರು. ಇವಳು ಕಡ್ಲೆಕಾಯಿ ಮಿಲ್ಲಿಗೆ ಆರಿಸುವ ಕೆಲಸಕ್ಕೆ ಸೇರಿದಳು. ಶಿವಲಕ್ಷ್ಮಿ ಎಂಬ ಮಗಳು ಹುಟ್ಟಿದಳು. ಅವಳೀಗ ಕೊರಟಗೆರೆಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ನರಸಿಂಹಮ್ಮ ಮಿಲ್ಲು ಬಿಟ್ಟು ಕಾಲೇಜಿಗೆ ಸೇರಿದ್ದು ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ.

ಬೋರ್‌ವೆಲ್ ಲಾರಿಗಳು ಬೇಸಿಗೆಯಲ್ಲಿ ಮನೆಗೆ ಬರುವುದೇ ಇಲ್ಲ, ಮಳೆ ಹಿಡಿದರೆ ಮನೆ ಬಿಟ್ಟು ಹೋಗುವುದಿಲ್ಲ. ಪೆದ್ದಣ್ಣ ಮಾತ್ರ ಒಂದು ಆಷಾಢದಿಂದ ಈ ಲೆಕ್ಕ ತಪ್ಪಿಸತೊಡಗಿದ. ಒಂದು ವಾರ ಶನಿವಾರ ಬರುವನು, ಮುಂದಿನ ವಾರ ಬುಧವಾರ, ಅದರ ಮುಂದಿನ ವಾರ ಬರುವನೇ ಅಲ್ಲ. ನರಸಿಂಹಮ್ಮ ಏನೂ ಕೇಳದೆ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಹೋದಳು. ಎಂಟು ತಿಂಗಳಿಗೆ ಅವಳಿಗೆ ಗೊತ್ತಾಯಿತು: ಈ ಹೋಗಿಬರುವುದಕ್ಕೊಂದು ತಾಳವಿದೆ, ಆಚೆ ಕಡೆಯಿಂದ ಯಾರೋ ಎಳೆಯುತ್ತಿದ್ದಾರೆ. ಕ್ಯಾಲೆಂಡರು ಅವನ ಮುಂದೆ ಬಿಸಾಕಿ ಕೇಳಿದಾಗ ಪೆದ್ದಣ್ಣ ತಲೆ ಕೆರೆದುಕೊಂಡು, ಹೌದು, ಪಾವಗಡದಲ್ಲಿ ಒಂದು ಮನೆ ಮಾಡಿದ್ದೀನಿ ಎಂದ. ಆ ಹೆಂಗಸನ್ನು ನರಸಿಂಹಮ್ಮ ಇವತ್ತಿಗೂ ಕಂಡಿಲ್ಲ, ಕಾಣಬೇಕು ಅಂತಲೂ ಅನ್ನಿಸಿಲ್ಲ.

ಅವನು ಹೋದ. ಅವನ ಹೆಸರು ಮಾತ್ರ ಹೋಗಲಿಲ್ಲ. ರೇಷನ್ ಕಾರ್ಡಿನಲ್ಲಿ ನರಸಿಂಹಮ್ಮ ಕೋಂ ಪೆದ್ದಣ್ಣ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ವೋಟರ್ ಲಿಸ್ಟಿನಲ್ಲಿ, ಕಾಲೇಜಿನ ಹಾಜರಿ ಪುಸ್ತಕದಲ್ಲಿ ಕೋಂ ಪೆದ್ದಣ್ಣ. ಗಂಡಸಿನ ಹೆಸರಿನ ಮುಂದೆ 'ಬಿನ್' ಎಂದು ಹಾಕಿ ಅಪ್ಪನ ಹೆಸರು, ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಹಾಕಿ ಗಂಡನ ಹೆಸರು ಬರೆಯುವ ಈ ಸರ್ಕಾರಿ ಕನ್ನಡ ಯಾವ ಪುಣ್ಯಾತ್ಮನ ಕೊಡುಗೆಯೋ! ಗಂಡ ಸತ್ತರೂ ಕೋಂ, ಓಡಿಹೋದರೂ ಕೋಂ, ಇನ್ನೊಬ್ಬಳ ಜೊತೆ ಹಾಯಾಗಿದ್ದರೂ ಕೋಂ. ಒಮ್ಮೆ ನಾಡಕಚೇರಿಯಲ್ಲಿ ತೆಗೆಸಬೇಕು ಅಂತ ಕೇಳಿದ್ದಳು. ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮತ್ತೇನಮ್ಮ ಬರೀಲಿ ಅಲ್ಲಿ?" ಅಂದಿದ್ದ.

ಇಂಥ ನರಸಿಂಹಮ್ಮನಿಗೆ ಆಕಾಶದ ಹುಚ್ಚು ಹಿಡಿಸಿದವಳು ಮಾನಸ, ಫಿಸಿಕ್ಸ್ ಲೆಕ್ಚರರು. ಹೊಸದಾಗಿ ಬಂದ ವರ್ಷ ಅವಳು ಹುಡುಗರನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ಒಂದು ಯೋಜನೆ ತೋರಿಸಿದಳು. ಜಗತ್ತಿನ ಯಾರು ಬೇಕಾದರೂ ಸ್ವಯಂಸೇವಕರಾಗಿ ಸೇರಬಹುದು. ಕಂದು ಕುಬ್ಜ ಎಂದರೆ ನಕ್ಷತ್ರವಾಗಲು ಹೊರಟು ಆಗದೇ ಉಳಿದ ಕಾಯ. ಗ್ರಹಕ್ಕಿಂತ ಭಾರ, ನಕ್ಷತ್ರಕ್ಕಿಂತ ಹಗುರ. ಒಳಗೆ ಒಲೆ ಹತ್ತಿಲ್ಲದ್ದರಿಂದ ಹುಟ್ಟಿದಾಗಿನ ಬಿಸಿಯಲ್ಲೇ ಮಂಕಾಗಿ ಹೊಳೆಯುತ್ತ ತಣ್ಣಗಾಗುತ್ತಿರುತ್ತದೆ. ಅದು ಒಂಟಿಯಾಗಿದ್ದರೆ ವರ್ಷದಿಂದ ವರ್ಷಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ. ಪಕ್ಕದಲ್ಲಿ ಇನ್ನೂ ಮಂಕಾದ, ದೂರದರ್ಶಕಕ್ಕೂ ಕಾಣದ ಇನ್ನೊಂದು ಕಾಯವಿದ್ದರೆ ಅದು ಎಳೆಯುತ್ತದೆ, ಆಗ ದಾರಿ ಆಚೀಚೆ ಓಲಾಡುತ್ತದೆ. ಅದು ಆಯಾ ಹೊತ್ತಿಗೆ ಇದ್ದ ಜಾಗ ತೋರಿಸುವ ಪರದೆಯ ಮೇಲಿನ ಚುಕ್ಕೆಗಳನ್ನು ನೋಡಿ 'ನೇರ' ಅಥವಾ 'ಓಲಾಟ' ಎಂದು ಗುರುತು ಹಾಕಬೇಕು, ಅಷ್ಟೇ ಕೆಲಸ.

ಹುಡುಗರು ಒಂದು ವಾರ ಕ್ಲಿಕ್ ಮಾಡಿ ಬಿಟ್ಟರು. ಬಾಗಿಲು ಹಾಕಲು ಬಂದು ನಿಂತಿದ್ದ ನರಸಿಂಹಮ್ಮ ಕೂತಳು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಲ್ಯಾಬು ಖಾಲಿಯಾದ ಮೇಲೆ ಒಂದು ತಾಸು ಅವಳದು. ಮಿಲ್ಲಿನಲ್ಲಿ ಕಡ್ಲೆಕಾಯಿ ರಾಶಿಯ ಮುಂದೆ ಕೂತು, ಬಿಡಿಸದೆಯೇ ಸಿಪ್ಪೆ ಮೇಲಿನ ಉಬ್ಬು ನೋಡಿ ಒಳಗೆ ಒಂಟಿಕಾಳೋ ಜೋಡಿಕಾಳೋ ಹೇಳುತ್ತಿದ್ದ ಕಣ್ಣು ಅದು. ಚುಕ್ಕೆಗಳ ಸಾಲು ಒಂದು ಕೂದಲೆಳೆಯಷ್ಟು ಬಾಗಿದರೂ ಅವಳ ಹುಬ್ಬು ಮೇಲೇರುತ್ತಿತ್ತು.

ಆ ಒಂದು ಕುಬ್ಜವನ್ನು ಹದಿಮೂರು ಜನ ನೋಡಿದ್ದರು. ಹನ್ನೆರಡು ಜನ 'ನೇರ' ಅಂದಿದ್ದರು. ಯೋಜನೆಯವರ ಕಂಪ್ಯೂಟರೂ 'ನೇರ' ಎಂದಿತ್ತು. ಹದಿಮೂರನೆಯವಳಾದ ನರಸಿಂಹಮ್ಮ 'ಓಲಾಟ' ಎಂದು ಒತ್ತಿದಳು.

"ಅಳತೆಯಲ್ಲಿನ ತಪ್ಪಿರಬಹುದು ನರಸಿಂಹಮ್ಮ" ಅಂದಳು ಮಾನಸ.

"ತಪ್ಪಿಗೆ ತಾಳ ಇರಾಕಿಲ್ಲ ಕಣಮ್ಮ. ಇವ್ನು ನೋಡು, ಹೋದಂಗೆ ಹೋಗಿ ವಾಪಸ್ ಬತ್ತಾವ್ನೆ. ನೆಟ್ಟಗೆ ಬಾಳಾಟ ಮಾಡೋನು ಇಂಗ್ ನಡಿಯಾಕಿಲ್ಲ. ಪಕ್ಕದಾಗೆ ಯಾರೋ ಅವ್ರೆ, ನಂಗೊತ್ತು."

ಗೊತ್ತು ಎಂದರೆ ಸಾಲದಲ್ಲ. ಲ್ಯಾಬಿನ ಗ್ರಾಫ್ ಹಾಳೆಗಳನ್ನು ಅಂಟಿಸಿಕೊಂಡು, ಯೋಜನೆಯವರ ಬಳಿಯಿದ್ದ ಹತ್ತೊಂಬತ್ತು ವರ್ಷದ ಚುಕ್ಕೆಗಳನ್ನು ಪೆನ್ಸಿಲಿನಲ್ಲಿ ಒಂದೊಂದಾಗಿ ಇಳಿಸಿದಳು. ನಾಲ್ಕು ವರ್ಷ ಮೂರು ತಿಂಗಳಿಗೊಮ್ಮೆ ಓಲಾಟ ಮೊದಲಿನ ಜಾಗಕ್ಕೆ ಬರುತ್ತಿತ್ತು. ಮಾನಸ ಅದನ್ನು ನೋಡಿ, ಇಂಗ್ಲಿಷಿನಲ್ಲಿ ಬರೆದು ಯೋಜನೆಯವರಿಗೆ ಕಳಿಸಿದಳು. ಎರಡು ವರ್ಷದ ನಂತರ ದೊಡ್ಡ ದೂರದರ್ಶಕದಿಂದ ಅಳೆದು ನೋಡಿದರು. ಸಂಗಾತಿ ಇತ್ತು. ಪ್ರಬಂಧ ಬರೆಯುತ್ತೇವೆ, ಕಂಡುಹಿಡಿದವರ ಹೆಸರು ಲೇಖಕರ ಸಾಲಿನಲ್ಲೇ ಹಾಕುತ್ತೇವೆ ಎಂದು ಪತ್ರ ಬಂತು. ಅವತ್ತು ನರಸಿಂಹಮ್ಮ ಇಡೀ ಸ್ಟಾಫ್ ರೂಮಿಗೆ ಕಡ್ಲೆಮಿಠಾಯಿ ಹಂಚಿದಳು. ಯಾತಕ್ಕೆ ಎಂದು ಕೇಳಿದವರಿಗೆ, "ನನ್ ಹೆಸ್ರು ಅಚ್ಚಾಯ್ತದೆ" ಎಂದಷ್ಟೇ ಹೇಳಿದಳು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಅವಳ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ.

ಅದರ ಹಿಂದೆಯೇ ಒಂದು ಅರ್ಜಿ ಬಂತು. ಮಾನಸ ಅಂದು ಪೇಪರ್ ತಿದ್ದಲು ತುಮಕೂರಿಗೆ ಹೋಗಿದ್ದಳು. ನರಸಿಂಹಮ್ಮನೇ ತುಂಬಲು ಕೂತಳು. ಹೆಸರಿಗೇ ಎರಡು ಖಾನೆ, ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು, ಎರಡಕ್ಕೂ ಕೆಂಪು ನಕ್ಷತ್ರ; ಎರಡನ್ನೂ ತುಂಬದೆ ಮುಂದೆ ಹೋಗುವಂತಿಲ್ಲ. ಮೊದಲನೆಯದರಲ್ಲಿ ನರಸಿಂಹಮ್ಮ ಎಂದು ಒತ್ತಿದಳು. ಎರಡನೆಯದಕ್ಕೆ ಮಾನಸಳಿಗೆ ಫೋನು ಮಾಡಿದಳು. ಬಸ್ಸಿನ ಗದ್ದಲದಲ್ಲಿ ಮಾನಸ, "ಲಾಸ್ಟ್ ನೇಮ್ ಅಂದ್ರೆ ಕೊನೆ ಹೆಸರು ಕಣ್ರೀ, ನಿಮ್ಮ ಕಾರ್ಡಲ್ಲಿ ಕೊನೇಲಿ ಏನಿದೆಯೋ ಅದನ್ನ ಹಾಕಿ" ಅಂದಳು. ಕಾರ್ಡಿನಲ್ಲಿ ಕೊನೆಯಲ್ಲಿ ಇದ್ದದ್ದು ಪೆದ್ದಣ್ಣ. ಇಪ್ಪತ್ತೈದು ವರ್ಷ ಅದನ್ನೇ ಬರೆದು ಬರೆದು ಪಳಗಿದ ಕೈ, ತಲೆಯನ್ನು ಕೇಳದೆ, ಪೆದ್ದಣ್ಣ ಎಂದು ಒತ್ತಿಬಿಟ್ಟಿತು.

ಯೋಜನೆಯ ಆ ವಿದೇಶದವರಿಗೆ ಕೊನೆ ಹೆಸರೇ ಮುಖ್ಯ, ಮೊದಲ ಹೆಸರಿಗೆ ಒಂದಕ್ಷರ ಸಾಕು. ಪ್ರಬಂಧದಲ್ಲಿ 'ಎನ್. ಪೆದ್ದಣ್ಣ, ತುಮಕೂರು ಜಿಲ್ಲೆ' ಎಂದು ಅಚ್ಚಾಯಿತು. ನಮ್ಮವರಿಗೆ ಮೊದಲ ಅಕ್ಷರ ಅಪ್ಪನದು, ಆಮೇಲೆ ಬರುವುದು ಆಸಾಮಿಯ ಹೆಸರು. ಪತ್ರಿಕೆಯ ವರದಿಗಾರ ರಂಗೇಶ್ ಇದನ್ನು ಓದಿ, ಎನ್. ಪೆದ್ದಣ್ಣ ಯಾರಪ್ಪಾ ಎಂದು ಜಿಲ್ಲೆಯೆಲ್ಲ ಹುಡುಕಿ, ಪಾವಗಡದಲ್ಲಿ ನಾರಪ್ಪನ ಮಗ ಪೆದ್ದಣ್ಣನನ್ನು ಹಿಡಿದ. ಹಿಡಿಸಿಕೊಂಡವನು ಬೇಡ ಅನ್ನಲಿಲ್ಲ.

ನರಸಿಂಹಮ್ಮ ಮೊದಲು ರಂಗೇಶನಿಗೆ ಫೋನು ಮಾಡಿದಳು.

"ಮೇಡಂ, ಪ್ರಬಂಧದಲ್ಲಿ ಕ್ಲಿಯರ್ ಆಗಿ ಎನ್. ಪೆದ್ದಣ್ಣ ಅಂತಿದೆ" ಅಂದ ಅವನು. "ನಿಮ್ಮ ಹೆಸರೂ ಬಿಟ್ಟಿಲ್ಲ ನೋಡಿ, ಲಾಸ್ಟ್ ಲೈನಲ್ಲಿ ಸಹಕಾರ ಅಂತ ಹಾಕಿದೀನಿ."

"ನಿಮ್ ಸಹಕಾರಕ್ಕೆ ಬೆಂಕಿ ಹಾಕ! ಆ ಎನ್ನು ನಾನು ಕಣಪ್ಪ!"

"ಎನ್ನು ನೀವಾ? ಎನ್ನು ಇನಿಷಿಯಲ್ ಅಲ್ವಾ ಮೇಡಂ?"

ಅವಳು ಫೋನು ಕುಕ್ಕಿದಳು. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಪೆದ್ದಣ್ಣನ ನಂಬರು ಒತ್ತಿದಳು. ತನ್ನ ಬಾಣಂತನದ ಸಮಯದಲ್ಲಿ ಮಗಳು ಶಿವಲಕ್ಷ್ಮಿಯೇ ಬರೆದುಕೊಟ್ಟಿದ್ದ ನಂಬರು ಅದು.

"ಏಮಮ್ಮಾ ನರಸಿಂಹಿ, ಬಾಗುನ್ನಾವಾ?" ಅಂದ ಪೆದ್ದಣ್ಣ. ಪಾವಗಡದ ನೀರು ಕುಡಿದು ನಾಲಿಗೆಗೆ ತೆಲುಗು ಹತ್ತಿತ್ತು. "ಪೇಪರ್ ನೋಡ್ದ್ಯಾ? ಆ ರಂಗೇಶ ಬಂದು ಪೆದ್ದಣ್ಣ ನೀವೇನಾ ಅಂದ, ಹೌದಪ್ಪ ಅಂದೆ. ನಾನು ಪೆದ್ದಣ್ಣ ಅಲ್ಲ ಅನ್ನಾಕಾಗ್ತದಾ?"

"ಕಂಡುಹಿಡ್ದವ್ಳು ನಾನು ಅಂತ ಹೇಳ್ಬೇಕಾಗಿತ್ತು. ನಾಚ್ಕೆ ಆಗಾಕಿಲ್ವಾ ನಿಂಗೆ?"

"ನೀನೇನು ನಾನೇನು, ಒಂದೇ ಅಲ್ವಾ? ಮನೆ ಹೆಸ್ರು ಬಂತಲ್ಲ ಬುಡು, ಸಂತೋಷ ಪಡು."

ಮನೆಯ ಹೆಸರಂತೆ. ಯಾವ ಮನೆ? ಸಂಜೆ ಶಿವಲಕ್ಷ್ಮಿಯೂ ಫೋನು ಮಾಡಿ, "ಹೋಗ್ಲಿ ಬುಡಮ್ಮ, ಅಪ್ಪನ್ನ ಜನ ಬೈಯೋದೇ ಕೇಳಿದ್ವಿ, ಒಂದ್ಸಲ ಹೊಗಳ್ಲಿ" ಅಂದಳು. ನರಸಿಂಹಮ್ಮ ಮಗಳನ್ನು ಬೈಯಲಿಲ್ಲ. ತನ್ನ ಸ್ವಂತ ಹೆಸರು ಹೋದದ್ದು ತನ್ನ ಹೊಟ್ಟೆಯ ಮಗಳಿಗೂ ಒಂದು ನಷ್ಟ ಅನ್ನಿಸಲಿಲ್ಲವಲ್ಲ ಎಂದು ಮಾತ್ರ ಅವತ್ತು ಊಟ ಸೇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅವಳು ಮಾನಸಳನ್ನು ಕರೆದುಕೊಂಡು ಮಧುಗಿರಿಯ ಆ ಸಭೆಗೆ ಹೋದಳು, ಕಂಕುಳಲ್ಲಿ ಗ್ರಾಫ್ ಹಾಳೆಗಳ ಸುರುಳಿ ಇಟ್ಟುಕೊಂಡು. ಸುಮಾರು ಇನ್ನೂರು ಜನ. ವೇದಿಕೆಯಲ್ಲಿ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ನಂದೀಶ್ವರಯ್ಯ, ಅವರ ಪಕ್ಕ ಹೊಸ ಪಂಚೆಯ ಪೆದ್ದಣ್ಣ. ಮೈಕು ಕೊಟ್ಟಾಗ ಪೆದ್ದಣ್ಣ ಕೈ ಮುಗಿದು, "ನಂದೇನಿಲ್ಲ, ಎಲ್ಲಾ ದೇವ್ರು ಕೊಟ್ಟ ಕಣ್ಣು" ಅಂದ. ಚಪ್ಪಾಳೆ ಬಿತ್ತು.

ನರಸಿಂಹಮ್ಮ ಎದ್ದು ನಿಂತಳು. "ಅಂಗಾರೆ ಹೇಳು. ಆ ಕುಬ್ಜದ ಜೊತೆಗಾರ ಒಂದು ಸುತ್ತು ಬರಾಕೆ ಎಷ್ಟು ವರ್ಷ?"

ಸಭೆ ತಿರುಗಿ ನೋಡಿತು. ಪೆದ್ದಣ್ಣ ಮೈಕು ಕೈ ಬದಲಾಯಿಸಿದ.

"ಓಗ್ಲಿ, ಅದು ಕಾಣಾಕಿಲ್ಲ ಅಂದ್ಮೇಲೆ ಐತೆ ಅಂತ ಹೆಂಗ್ ಗೊತ್ತಾಯ್ತು? ಅದಾದ್ರೂ ನಿಂಗೊತ್ತಿರ್ಬೇಕಲ್ಲ!"

ಹಿಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಪೆದ್ದಣ್ಣನ ಮುಖ ಕಪ್ಪಿಟ್ಟಿತು. ಅವನು ಅಂಥ ಕೆಟ್ಟವನಲ್ಲ, ಆದರೆ ಸಿಕ್ಕಿಬಿದ್ದಾಗ ಕಚ್ಚುವವನು. "ಲೇ, ನನ್ ಹೆಸ್ರು ಬರ್ದವ್ಳು ನೀನು" ಎಂದು ಮೈಕಿನಲ್ಲೇ ಹೇಳಿದ. "ನಾನೇನು ಬಂದು ನಿನ್ ಕಂಪ್ಯೂಟ್ರು ಒತ್ತಿದ್ನಾ? ಅಷ್ಟು ಬ್ಯಾಡಾಗಿದ್ದೋಳು ಯಾಕ್ ಬರ್ದೆ? ಇಷ್ಟು ವರ್ಷ ಯಾಕ್ ಇಟ್ಕೊಂಡಿದ್ದೆ?"

ಸಭೆ ಹೊಟ್ಟೆ ತುಂಬ ನಕ್ಕಿತು. ಅವನ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಅವಳಿಗೆ ಮೈ ಉರಿದುಹೋಯಿತು. ಮಾನಸ ಎದ್ದು ಏನೋ ವಿವರಿಸಹೋದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ನಂದೀಶ್ವರಯ್ಯನವರು ದೊಡ್ಡ ಮನುಷ್ಯರು, ಗಂಡ ಹೆಂಡಿರ ಜಗಳ ಬಿಡಿಸಿ ಪುಣ್ಯ ಕಟ್ಟಿಕೊಳ್ಳುವ ಜಾತಿ. "ತಾಯೀ, ಮೇಲೆ ಬನ್ನಿ, ನೀವಿಬ್ಬರೂ ಒಂದೇ ನಾಣ್ಯದ ಎರಡು ಮುಖ" ಎಂದು ಕೈ ಹಿಡಿದು ಹತ್ತಿಸಿಕೊಂಡರು. ಅವಳು ಮೈಕು ಸಿಗುತ್ತದೆ ಎಂದು ಹತ್ತಿದಳು. ಅಷ್ಟರಲ್ಲಿ ಅವರು ತಂದಿಟ್ಟಿದ್ದ ಒಂದೇ ಶಾಲನ್ನು ಬಿಡಿಸಿ, ಅವಳನ್ನೂ ಪೆದ್ದಣ್ಣನನ್ನೂ ಸೇರಿಸಿ ಸುತ್ತಿದರು. ರಂಗೇಶ್ ಕೆಳಗಿನಿಂದ, "ಸ್ವಲ್ಪ ಹತ್ರ, ಸ್ಮೈಲ್" ಎಂದು ಕ್ಯಾಮೆರಾ ಎತ್ತಿದ.

ಹನ್ನೊಂದು ವರ್ಷದ ಮೇಲೆ ಆ ಮನುಷ್ಯನ ಭುಜ ಅವಳ ಭುಜಕ್ಕೆ ತಾಗಿತು. ಬೀಡಿಯ ವಾಸನೆ ಹಾಗೇ ಇತ್ತು. ನರಸಿಂಹಮ್ಮ ಕೆಳಗೆ ಬಗ್ಗಿ ಶಾಲಿನಿಂದ ಈಚೆ ಬಂದಳು. ಶಾಲು ಪೂರ್ತಿ ಪೆದ್ದಣ್ಣನ ಮೇಲೆ ಉಳಿಯಿತು.

"ಈವಯ್ಯ ನನ್ ಜೊತೆ ಇಲ್ಲ" ಅಂದಳು. ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ. "ಹನ್ನೊಂದು ವರ್ಸ ಆಯ್ತು. ಜೊತೆ ಇಲ್ದೋನ್ನ ತಂದು ಅಂಟಿಸ್ತೀರಲ್ಲ, ಮಾನ ಮರ್ವಾದೆ ಐತಾ ನಿಮ್ಗೆ? ಇಟ್ಕೊಂಡಿದ್ದೆ, ನಿಜ. ಬರೀ ಅಂದ್ರಿ, ಬರ್ದೆ. ರೇಷನ್ನಿಗೂ ಬರ್ದೆ, ಬ್ಯಾಂಕ್ಗೂ ಬರ್ದೆ. ಇದು ನಂದು ಕಣ್ರಯ್ಯಾ, ಇದೊಂದು ನಂದು!" ಗ್ರಾಫ್ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ ಹರವಿದಳು. ಹತ್ತೊಂಬತ್ತು ವರ್ಷದ ಪೆನ್ಸಿಲ್ ಚುಕ್ಕೆಗಳು ಹೂವಿನ ಹಾರಗಳ ನಡುವೆ ಬಿದ್ದುಕೊಂಡವು. ನಂದೀಶ್ವರಯ್ಯನವರು ಕನ್ನಡಕ ಹುಡುಕಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಹಾಳೆಗಳನ್ನು ಮತ್ತೆ ಸುತ್ತಿಕೊಂಡು ಮೆಟ್ಟಿಲಿಳಿದು ಶಿರಾ ಬಸ್ಸು ಹತ್ತಿದಳು.

ಸೋಮವಾರ ನಾಲ್ಕು ಗಂಟೆಗೆ ಮಾನಸ ಯೋಜನೆಯವರಿಗೆ ಎಲ್ಲವನ್ನೂ ಬರೆದಳು. ತನ್ನಿಂದಲೇ ತಪ್ಪಾಯಿತು ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡರೂ ನರಸಿಂಹಮ್ಮ ಸಮಾಧಾನ ಮಾಡಲಿಲ್ಲ. ಆ ಹೊತ್ತಿಗೆ ಅವಳಲ್ಲಿ ಯಾರಿಗೂ ಹಂಚುವಷ್ಟು ಸಮಾಧಾನವಿರಲಿಲ್ಲ. ಗುರುವಾರ ಉತ್ತರ ಬಂತು. ತುಂಬ ಬೇಸರವಾಯಿತು, ತಿದ್ದುಪಡಿ ಅಚ್ಚು ಮಾಡುತ್ತೇವೆ, ಈ ಅರ್ಜಿ ತುಂಬಿ ಕಳಿಸಿ. ಮತ್ತೆ ಅದೇ ಎರಡು ಖಾನೆ, ಅದೇ ಕೆಂಪು ನಕ್ಷತ್ರ.

"ಖಾಲಿ ಬಿಡು" ಅಂದಳು ನರಸಿಂಹಮ್ಮ. ಕಂಪ್ಯೂಟರು ಒಪ್ಪಲಿಲ್ಲ. ಚುಕ್ಕೆ ಇಟ್ಟರು, ಅದಕ್ಕೂ ಒಪ್ಪಲಿಲ್ಲ.

"ನಿಮ್ಮ ತಂದೆ ಹೆಸರು ಹಾಕೋಣ್ವಾ?"

"ತೊಂಬತ್ತೊಂದು ಮಾರ್ಕ್ಸಿಗೆ ಬೀಗ ಹಾಕ್ದೋನ ಹೆಸ್ರಾ? ಬ್ಯಾಡ."

"ಊರಿನ ಹೆಸರು? ಐ.ಡಿ.ಹಳ್ಳಿ ಅಂತ?"

"ಐ.ಡಿ.ಹಳ್ಳಿ ಬಂದು ಇಲ್ಲಿ ಕೂತ್ಕೊಂಡು ಚುಕ್ಕೆ ಎಣಿಸ್ತಾ?" ನರಸಿಂಹಮ್ಮ ಮಾನಸಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಮೊದಲ ಖಾನೆಯಲ್ಲಿ ನರಸಿಂಹಮ್ಮ ಎಂದು ಒತ್ತಿದಳು. ಎರಡನೆಯದರಲ್ಲೂ ಒಂದೊಂದೇ ಅಕ್ಷರ ಹುಡುಕಿ, ಕೈ ಹಳೆಯ ಚಾಳಿಗೆ ಹೋಗದಂತೆ ಕಾಯುತ್ತ, ನರಸಿಂಹಮ್ಮ ಎಂದು ಒತ್ತಿದಳು. ಕಂಪ್ಯೂಟರು ಒಪ್ಪಿಕೊಂಡಿತು.

ಮರುದಿನ ಒಂದು ಸಣ್ಣ ಪತ್ರ ಬಂತು. ಮಾನಸ ಅದನ್ನು ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು: "ಅಚ್ಚಿಗೆ ಕಳಿಸೋ ಮುಂಚೆ ಕೇಳ್ತಿದಾರೆ. ಅರ್ಜೀಲಿ ಒಂದೇ ಹೆಸರು ಎರಡು ಸಲ ಬಂದಿದೆಯಂತೆ. ಇದು ಒಬ್ಬರಾ, ಇಲ್ಲಾ ಒಂದೇ ಹೆಸರಿನ ಇಬ್ಬರಾ ಅಂತ."

ನರಸಿಂಹಮ್ಮ ಪ್ರಿಸಮ್ಮುಗಳ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಒಬ್ಳೇ ಅಂತ ಬರಿಯಮ್ಮ" ಅಂದಳು. "ಪಕ್ಕದಾಗೆ ಯಾರೂ ಇಲ್ಲ, ಕಾಣ್ದೋರೂ ಇಲ್ಲ ಅಂತ ಬರಿ."

ಎರಡನೆಯ ವಾಕ್ಯವೂ ಬೇಕಾ ಎಂದು ಮಾನಸ ಕೇಳಿದಳು. ಬೇಕು ಅಂದಳು.